ರಾಯಭಾರಿಯ ಪತ್ರವನ್ನು ಎಷ್ಟು ನಂಬಬಹುದು?

ಇಂಗ್ಲೆಂಡಿನ ಎಂಟನೇ ಹೆನ್ರಿಯ ಅರಮನೆಯ ಅನೇಕ ಸಂಗತಿಗಳು ನಮಗೆ ತಿಳಿದಿರುವುದು ಯುಸ್ಟೇಸ್ ಶಾಪ್ವಿಯವರ ಪತ್ರಗಳಿಂದ. ಚಕ್ರವರ್ತಿ ಐದನೇ ಚಾರ್ಲ್ಸ್‌ನ ರಾಯಭಾರಿಯಾಗಿ ಇವರು 1529ರಲ್ಲಿ ಲಂಡನ್‌ಗೆ ಬಂದರು. ಹೆನ್ರಿ ದೂರಮಾಡಿದ ರಾಣಿ ಕ್ಯಾಥರೀನಳಿಗೆ ಚಾರ್ಲ್ಸ್ ಅಕ್ಕನ ಮಗ. ಆದ್ದರಿಂದಲೇ ಆನ್ ಬೊಲಿನ್ ಇವರ ಪತ್ರಗಳಲ್ಲಿ ಹಲವೆಡೆ ಬರೀ ‘ಉಪಪತ್ನಿ’. ಈ ಪಕ್ಷಪಾತ ಎದ್ದು ಕಾಣುವಂಥದ್ದು, ಅದರಿಂದ ಅಷ್ಟೇನೂ ಅಪಾಯವಿಲ್ಲ.

ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂಬುದೇ ಮುಖ್ಯ ಪ್ರಶ್ನೆ. 1536ರ ಜನವರಿಯ ಆರಂಭದಲ್ಲಿ ಕಿಂಬೋಲ್ಟನ್‌ನಲ್ಲಿ ಅಸ್ವಸ್ಥಳಾಗಿದ್ದ ಕ್ಯಾಥರೀನಳನ್ನು ಶಾಪ್ವಿ ಸ್ವತಃ ಮಾತನಾಡಿಸಿದರು. ಆ ವರದಿ ಗಟ್ಟಿ ಸಾಕ್ಷ್ಯ. ಜನವರಿ 7ರಂದು ಆಕೆ ತೀರಿಕೊಂಡಾಗ ಅವರು ಅಲ್ಲಿರಲಿಲ್ಲ. ಶವಕ್ಕೆ ಲೇಪನ ಮಾಡಿದವನು ‘ಹೃದಯ ಕಪ್ಪಾಗಿತ್ತು’ ಎಂದದ್ದು ಬೇರೆಯವರ ಬಾಯಿಂದ ಅವರನ್ನು ತಲುಪಿತು. ಅವರು ವಿಷಪ್ರಾಶನವೆಂದು ಶಂಕಿಸಿ ಬರೆದರು. ಕಪ್ಪು ಹೃದಯದ ಅದೇ ವಿವರಣೆಯನ್ನು ಓದಿ ಇಂದಿನ ಅನೇಕರು ಕ್ಯಾನ್ಸರ್ ಇದ್ದಿರಬೇಕೆನ್ನುತ್ತಾರೆ.