ಬದುಕನ್ನು ನಿಲ್ಲಿಸಿಡುವ ವಿದ್ಯೆ

ಹೊಸ ಸೂಕ್ಷ್ಮಜೀವಿಯೊಂದನ್ನು ಕಂಡುಹಿಡಿದವನ ಹೆಸರು ವಿಜ್ಞಾನದ ಗ್ರಂಥಗಳಲ್ಲಿ ನಿಲ್ಲುತ್ತದೆ. ಆದರೆ ಆತನು ಕಾಲವಾದ ಮೇಲೆಯೂ ಆ ಜೀವಿಯು ಅಳಿಯದೆ, ಬೇರೊಂದರೊಡನೆ ಬೆರೆಯದೆ, ತನ್ನ ಮೂಲ ಗುಣಗಳೊಡನೆಯೇ ಕೇಳಿದವರ ಕೈಸೇರುವಂತೆ ಕಾಪಾಡಿಕೊಂಡು ಬಂದವರ ಹೆಸರನ್ನು ಬಲ್ಲವರು ವಿರಳ. ಪ್ರಾಗ್ ನಗರದ ಫ್ರಾಂಟಿಶೆಕ್ ಕ್ರಾಲ್ ಎಂಬಾತನು 1890ರಲ್ಲಿ ಬ್ಯಾಕ್ಟೀರಿಯ ಮತ್ತು ಶಿಲೀಂಧ್ರಗಳ ಸಂಗ್ರಹವೊಂದನ್ನು ಕಟ್ಟಿ, ಬೇಡಿದ ವಿದ್ವಾಂಸರಿಗೆ ಅವುಗಳನ್ನು ಕಳುಹಿಸಿಕೊಡುವ ವ್ಯವಸ್ಥೆಯನ್ನು ಆರಂಭಿಸಿದುದೇ ಈ ಕಾಪಿಡುವ ಕಾರ್ಯವು ಒಂದು ಸಾರ್ವಜನಿಕ ಸಂಸ್ಥೆಯ ರೂಪವನ್ನು ತಾಳಿದುದರ ಮೊದಲು. ಲಂಡನ್ನಿನ ಎನ್.ಸಿ.ಟಿ.ಸಿ. ಸಂಗ್ರಹವು 1920ರಲ್ಲಿ ಸ್ಥಾಪಿತವಾಯಿತು. ನಮ್ಮ ದೇಶದಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಆಶ್ರಯದಲ್ಲಿ ಕೈಗಾರಿಕಾ ಸೂಕ್ಷ್ಮಜೀವಿಗಳ ಸಂಗ್ರಹವು 1951ರಲ್ಲಿಯೂ, ಚಂಡೀಗಢದಲ್ಲಿ ಎಂ.ಟಿ.ಸಿ.ಸಿ. ಎಂದು ಪ್ರಸಿದ್ಧವಾದ ಸಂಗ್ರಹವು 1986ರಲ್ಲಿಯೂ ಆರಂಭವಾದುವು.

ಕಣ್ಣಿಗೆ ಕಾಣದ ಜೀವಿಯನ್ನು ಕಾಪಾಡುವುದರಲ್ಲಿ ಅಷ್ಟೇನು ಕಷ್ಟವಿದೆ, ಆಹಾರವಿತ್ತು ಬೆಳೆಸಿದರೆ ಸಾಲದೆ, ಎಂದು ಯಾರಾದರೂ ಕೇಳಬಹುದು. ಮೊದಮೊದಲು ವಿಜ್ಞಾನಿಗಳು ಮಾಡಿದುದೂ ಅದನ್ನೇ. ಪ್ರನಾಳದಲ್ಲಿ ಕಡಲಪಾಚಿಯಿಂದ ದೊರೆಯುವ ಅಗರ್ ಬೆರೆಸಿದ ಪೋಷಕದ್ರವವನ್ನು ಕಾಯಿಸಿ ಹೊಯ್ದು, ಪ್ರನಾಳವನ್ನು ಓರೆಯಾಗಿ ಮಲಗಿಸಿ ಹೆರೆಯಗೊಟ್ಟು, ಆ ಇಳಿಜಾರಿನ ಮೇಲೆ ಸೂಕ್ಷ್ಮಜೀವಿಯನ್ನು ತಂತಿಯ ಕುಣಿಕೆಯಿಂದ ಗೆರೆಯೆಳೆದಂತೆ ಸವರಿ, ಬೆಳೆ ಕಾಣಿಸಿಕೊಂಡ ಬಳಿಕ ತಂಪಿನಲ್ಲಿರಿಸುವುದು. ಆಹಾರವು ತೀರುವ ಮುನ್ನವೇ ಅದರಿಂದ ತುಸು ತೆಗೆದು ಹೊಸ ಪ್ರನಾಳಕ್ಕೆ ದಾಟಿಸುವುದು. ನಮ್ಮ ಮನೆಗಳಲ್ಲಿ ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು ಹಾಕುವ ಕ್ರಮವೂ ಇದೇ ಆಗಿದ್ದು, ಮೊಸರು ದಿನಗಳೆದಂತೆ ಸ್ವಲ್ಪ ಹುಳಿಗೆ ತಿರುಗಿದರೂ ಗೃಹಿಣಿಗೆ ಅದರಿಂದ ಹಾನಿಯೇನಿಲ್ಲ. ಪ್ರಯೋಗಶಾಲೆಗಾದರೋ ಅದೇ ಹಾನಿ. ದಾಟಿಸುವ ಪ್ರತಿಸಲವೂ ಗಾಳಿಯ ಬೂಷ್ಟು ಒಳಹೊಗುವ ಭಯ, ಚೀಟಿ ತಪ್ಪುವ ಭಯ; ಇವೆರಡನ್ನೂ ಎಚ್ಚರದಿಂದ ಗೆದ್ದರೂ ಗೆಲ್ಲಲಾಗದ ಮೂರನೆಯದೊಂದುಂಟು. ಬೆಳೆಯುವ ಜೀವಿಯು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಲೇ ಇರುತ್ತದೆ. ಪ್ರನಾಳದ ಸುಖಜೀವನಕ್ಕೆ ಒಗ್ಗಿದ ಸಂತತಿಯು ಮುಂದೆ ಬಂದು, ಹೊರಗಿನ ಕಠಿನ ಜೀವನಕ್ಕೆ ತಕ್ಕ ಗುಣಗಳನ್ನು ಉಳಿಸಿಕೊಂಡ ಸಂತತಿಯು ಹಿಂದೆ ಬೀಳುತ್ತದೆ.

ಈ ಬದಲಾವಣೆಯಿಂದಲೇ ಲೋಕಕ್ಕೆ ಒಮ್ಮೆ ಮಹೋಪಕಾರವಾಯಿತೆಂಬುದನ್ನು ಮರೆಯಲಾಗದು. ಫ್ರಾನ್ಸಿನ ಲಿಲ್ ನಗರದಲ್ಲಿ ಕಾಲ್ಮೆಟ್ ಮತ್ತು ಗೆರಾನ್ ಎಂಬಿಬ್ಬರು ದನಗಳ ಕ್ಷಯರೋಗಾಣುವನ್ನು ಗ್ಲಿಸರಿನ್ ಮತ್ತು ಪಿತ್ತರಸ ಕೂಡಿಸಿದ ಆಲೂಗೆಡ್ಡೆಯ ತುಂಡುಗಳ ಮೇಲೆ ಬೆಳೆಸುತ್ತ, ಸುಮಾರು ಮೂರು ವಾರಗಳಿಗೊಮ್ಮೆ ಹೊಸ ತುಂಡಿಗೆ ದಾಟಿಸುತ್ತ, 1908ರಿಂದ ಹದಿಮೂರು ವರ್ಷಗಳ ಕಾಲ 230 ಸಲ ಈ ಕಾರ್ಯವನ್ನು ನಡೆಸಿದ ಮೇಲೆ, ಆ ರೋಗಾಣುವು ರೋಗವನ್ನುಂಟುಮಾಡುವ ಶಕ್ತಿಯನ್ನು ಕಳೆದುಕೊಂಡು, 1921ರಲ್ಲಿ ಬಿ.ಸಿ.ಜಿ. ಲಸಿಕೆಯಾಗಿ ಶಿಶುಗಳ ರಕ್ಷಣೆಗೆ ಬಂದಿತು. ಆದರೆ ಕಥೆಯ ಉತ್ತರಾರ್ಧವು ಬೇರೆ. ಆ ತಳಿಯನ್ನು ಪಡೆದುಕೊಂಡ ದೇಶದೇಶಗಳ ಪ್ರಯೋಗಶಾಲೆಗಳು ತಮ್ಮ ತಮ್ಮ ಕ್ರಮದಲ್ಲಿ ದಾಟಿಸುವುದನ್ನು ಮುಂದುವರಿಸಿದುದರಿಂದ, ಒಂದೇ ತಾಯಿಯಿಂದ ಬಂದ ಜಪಾನಿನ ತಳಿ, ರಷ್ಯದ ತಳಿ, ಡೆನ್ಮಾರ್ಕಿನ ತಳಿ ಇವು ಕೆಲವು ದಶಕಗಳಲ್ಲಿಯೇ ಒಂದನ್ನೊಂದು ಹೋಲದಂತಾದುವು. ಕೊನೆಗೆ ಲಸಿಕೆಯ ಬೀಜವನ್ನು ಒಣಗಿಸಿ ಭದ್ರಪಡಿಸಿ, ಪ್ರತಿ ತಯಾರಿಕೆಗೂ ಆ ಬೀಜದಿಂದಲೇ ತೊಡಗುವ ನಿಯಮವನ್ನು ಮಾಡಿಕೊಂಡ ಮೇಲಷ್ಟೇ ಈ ಚದರಾಟವು ನಿಂತಿತು. ಜೀವಿಯನ್ನು ಇದ್ದಂತೆಯೇ ಇರಿಸಿಕೊಳ್ಳಬೇಕಾದರೆ ಅದನ್ನು ಬದುಕಗೊಡಬಾರದು, ಸಾಯಗೊಡಲೂಬಾರದು. ಕಾಪಿಡುವವರ ವಿದ್ಯೆಯೆಲ್ಲವೂ ಈ ನಡುದಾರಿಯನ್ನು ಅರಸಿಕೊಂಡು ಹೋದುದೇ ಆಗಿದೆ.

ಮೊದಲ ಉಪಾಯಗಳು ಸರಳವಾದುವು. ಓರೆಯ ಮೇಲಣ ಬೆಳೆಯನ್ನು ಮುಳುಗಿಸುವಷ್ಟು ಶುದ್ಧೀಕರಿಸಿದ ಪ್ಯಾರಾಫಿನ್ ಎಣ್ಣೆಯನ್ನು ಹೊಯ್ದರೆ, ಗಾಳಿಯು ತಗ್ಗಿ, ತೇವವು ಆರದೆ, ಜೀವಿಯ ವ್ಯಾಪಾರವು ಮಂದವಾಗುವುದರಿಂದ, ದಾಟಿಸುವ ಕೆಲಸವನ್ನು ವರ್ಷಗಳವರೆಗೆ ಮುಂದೂಡಬಹುದು. ಈ ಕ್ರಮವನ್ನು 1914ರಲ್ಲಿ ಬಳಕೆಗೆ ತಂದವರಲ್ಲಿ ಒಬ್ಬನು, ಚಿತ್ರಗಳನ್ನು ಚಲಿಸುವಂತೆ ಮಾಡಿ ಜಗತ್ಪ್ರಸಿದ್ಧರಾದ ಲ್ಯೂಮಿಯೇರ್ ಸೋದರರಲ್ಲಿ ಹಿರಿಯನಾದ ಆಗುಸ್ತನೆಂಬುದು ಸ್ವಾರಸ್ಯದ ಸಂಗತಿ. ಬೀಜಕಣಗಳನ್ನು ಬಿಡುವ ಶಿಲೀಂಧ್ರಗಳನ್ನು ಬೇಯಿಸಿ ಶುದ್ಧಮಾಡಿದ ಒಣ ಮಣ್ಣಿನಲ್ಲಿ ಬೆರೆಸಿಡುವುದೂ, ಕೆಲವನ್ನು ಬರಿಯ ಶುದ್ಧಜಲದಲ್ಲಿ ತೇಲಿಬಿಡುವುದೂ ಇಂದಿಗೂ ನಡೆದುಬಂದಿರುವ ಪದ್ಧತಿಗಳು. ಹೆಚ್ಚಿನ ಸಲಕರಣೆಯಿಲ್ಲದ ಕಾಲೇಜಿನ ಪ್ರಯೋಗಶಾಲೆಗೆ ಇವೇ ಆಧಾರ.

ದೊಡ್ಡ ಸಂಗ್ರಹಗಳ ಮುಖ್ಯ ಸಾಧನವು ಶೀತಶುಷ್ಕೀಕರಣ. ಚೆನ್ನಾಗಿ ಬೆಳೆದ ಬ್ಯಾಕ್ಟೀರಿಯವನ್ನು ಕೆನೆ ತೆಗೆದ ಹಾಲಿನಲ್ಲಿ ಕದಡಿ, ಕಿರುಬೆರಳಿಗಿಂತ ಸಪೂರವಾದ ಗಾಜಿನ ಆಂಪೂಲಿನೊಳಕ್ಕೆ ಕೆಲವೇ ಹನಿಗಳನ್ನು ಬಿಡುತ್ತಾರೆ. ತಳಿಯ ಸಂಖ್ಯೆಯನ್ನು ಬರೆದ ಕಾಗದದ ಚೂರೊಂದು ಮುಂಚೆಯೇ ಒಳಗೆ ಸೇರಿರುತ್ತದೆ, ಹೊರಗಣ ಚೀಟಿಯು ಅಳಿಸಿದರೂ ಒಳಗಣದು ಅಳಿಸಬಾರದೆಂದು. ಹತ್ತಿಯ ಬಿರಡೆಯನ್ನು ಒಳಕ್ಕೆ ತಳ್ಳಿ, ಹನಿಯನ್ನು ಹೆಪ್ಪುಗಟ್ಟಿಸಿ, ಆಂಪೂಲನ್ನು ನಿರ್ವಾತ ಯಂತ್ರಕ್ಕೆ ಜೋಡಿಸಿದಾಗ, ಮಂಜುಗಡ್ಡೆಯು ಕರಗಿ ನೀರಾಗದೆಯೇ ನೇರವಾಗಿ ಆವಿಯಾಗಿ ಹೊರಟುಹೋಗಿ, ಹಾಲಿನ ಬಿಳಿಯ ಹುಡಿಯೊಂದು ತಳದಲ್ಲಿ ಉಳಿಯುತ್ತದೆ. ಆಗ ಕೊರಳನ್ನು ಸಣ್ಣ ಉರಿಯಲ್ಲಿ ಕಾಸಿ, ಗಾಜು ಮೆದುವಾದೊಡನೆ ಎಳೆದು ತಿರುಚಿ ಮುಚ್ಚುವ ಕೈಚಳಕವು ಅಭ್ಯಾಸದಿಂದಲ್ಲದೆ ಬಾರದು. ಮುಚ್ಚಿದ ಆಂಪೂಲಿನ ಬಳಿ ವಿದ್ಯುತ್ತಿನ ಕಿಡಿಯನ್ನು ಹಿಡಿದು ನೋಡುವರು: ಒಳಗೆ ನೇರಿಳೆ ಬಣ್ಣದ ಹೊಳಪು ಮೂಡಿದರೆ ನಿರ್ವಾತವು ನಿಂತಿದೆ, ಮೂಡದಿದ್ದರೆ ಎಲ್ಲಿಯೋ ಬಿರುಕಿದೆ, ಅದನ್ನು ಎಸೆಯತಕ್ಕದ್ದು. ಹೀಗೆ ಒಣಗಿದ ಜೀವಿಯು ದಶಕಗಳ ಬಳಿಕವೂ ಪೋಷಕದ್ರವವನ್ನು ಕಂಡೊಡನೆ ಚೇತರಿಸಿಕೊಳ್ಳುತ್ತದೆ. ಶೈತ್ಯದ ಪೆಟ್ಟಿಗೆಯಿಲ್ಲದೆಯೇ ಅಂಚೆಯಲ್ಲಿ ದೂರದೇಶಕ್ಕೂ ಪ್ರಯಾಣಮಾಡುತ್ತದೆ.

ಒಣಗಿಸಿದರೆ ತಾಳದ ಜೀವಿಗಳಿಗೆ ಶೈತ್ಯವೇ ಗತಿ. ಮೆಲ್ಲನೆ ತಣಿಸಿದಾಗ ಹೊರಗಿನ ನೀರು ಮಂಜುಗಟ್ಟಿ, ಉಳಿದ ಲವಣವು ಗಾಢವಾಗಿ, ಜೀವಕೋಶವು ನೀರನ್ನು ಕಳೆದುಕೊಂಡು ಸೊರಗುತ್ತದೆ. ಬೇಗನೆ ತಣಿಸಿದರೆ ಕೋಶದೊಳಗೇ ಮಂಜಿನ ಹರಳುಗಳೆದ್ದು ಅದನ್ನು ಸೀಳುತ್ತವೆ. ಈ ಇಕ್ಕಟ್ಟಿಗೆ ಪರಿಹಾರವು ದೊರೆತುದು ಆಕಸ್ಮಿಕವಾಗಿ. ಲಂಡನ್ನಿನಲ್ಲಿ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಎಂಬ ಮೂವರು ಕೋಳಿಯ ವೀರ್ಯಾಣುಗಳನ್ನು ಹೆಪ್ಪುಗಟ್ಟಿಸಿ ಉಳಿಸಲು ಸಕ್ಕರೆಯ ದ್ರಾವಣದಿಂದ ಯತ್ನಿಸುತ್ತಿದ್ದಾಗ ಒಂದು ಸೀಸೆಯು ಮಾತ್ರ ಆಶ್ಚರ್ಯಕರವಾದ ಫಲವನ್ನು ಕೊಟ್ಟಿತು. ಪರೀಕ್ಷಿಸಿದರೆ ಅದರಲ್ಲಿ ಸಕ್ಕರೆಯೇ ಇಲ್ಲ, ಚೀಟಿಗಳು ಅದಲುಬದಲಾಗಿ ಗ್ಲಿಸರಾಲ್ ಬಂದುಬಿಟ್ಟಿತ್ತು. 1949ರಲ್ಲಿ ಪ್ರಕಟವಾದ ಆ ಶೋಧನೆಯ ಫಲವಾಗಿ ಇಂದು ಸೂಕ್ಷ್ಮಜೀವಿಗಳನ್ನು ಗ್ಲಿಸರಾಲ್ ಬೆರೆಸಿ, ಸಾಮಾನ್ಯವಾಗಿ ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣಿಸಿ, ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಫ್ರೀಜರಿನಲ್ಲಿಯೋ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿಯೋ ಇರಿಸುತ್ತಾರೆ. ಹೊರತೆಗೆಯುವಾಗ ಮಾತ್ರ ಬೆಚ್ಚಗಿನ ನೀರಿನಲ್ಲಿ ಅದ್ದಿ ತ್ವರೆಯಿಂದ ಕರಗಿಸಬೇಕು. ಸಾರಜನಕವು ಸೀಸೆಯೊಳಕ್ಕೆ ಜಿನುಗಿದ್ದರೆ ಬಿಸಿಗೆ ಅದು ಸಿಡಿಯುವುದರಿಂದ, ಕೆಲಸಗಾರರು ಮುಖಕ್ಕೆ ಕವಚವನ್ನು ತೊಡದೆ ಈ ಪಾತ್ರೆಯ ಮುಚ್ಚಳವನ್ನು ತೆರೆಯರು.

ಇಷ್ಟಾದರೂ ಒಂದೇ ಕಟ್ಟಡದಲ್ಲಿ ಇಟ್ಟುದು ಭದ್ರವೆನ್ನುವಂತಿಲ್ಲ. ಕ್ರಾಲನು 1911ರಲ್ಲಿ ತೀರಿಕೊಂಡ ಬಳಿಕ ಆತನ ಸಂಗ್ರಹವು ವಿಯನ್ನಾಕ್ಕೆ ಹೋಯಿತು; ಅದರ ಒಂದು ಭಾಗವು ಅಮೆರಿಕದ ಚಿಕಾಗೋ ಸೇರಿತು; ವಿಯನ್ನಾದಲ್ಲಿ ಉಳಿದುದು ಎರಡನೆಯ ಮಹಾಯುದ್ಧದಲ್ಲಿ ನಾಶವಾಯಿತು. ಆದುದರಿಂದಲೇ ಇಂದಿನ ಸಂಗ್ರಹಾಧಿಕಾರಿಗಳು ಒಂದೇ ತಳಿಯನ್ನು ಎರಡು ವಿಧದಲ್ಲಿ, ಸಾಧ್ಯವಾದರೆ ಎರಡು ಊರುಗಳಲ್ಲಿ, ಇಡತಕ್ಕದ್ದೆಂದು ಒತ್ತಾಯಿಸುವರು. ಕಾನೂನೂ ಇವರನ್ನು ಗುರುತಿಸಿದೆ: ಸೂಕ್ಷ್ಮಜೀವಿಯನ್ನು ಕುರಿತ ಪೇಟೆಂಟಿಗೆ ಬರಿಯ ಬರೆಹದ ವರ್ಣನೆಯು ಸಾಲದಾದುದರಿಂದ, ಜೀವಿಯನ್ನೇ ಅಂಗೀಕೃತ ಸಂಗ್ರಹವೊಂದರಲ್ಲಿ ಠೇವಣಿಯಿಡುವ ಏರ್ಪಾಡನ್ನು 1977ರ ಬುಡಾಪೆಸ್ಟ್ ಒಪ್ಪಂದವು ಮಾಡಿತು. ಭಾರತವು 2001ರಲ್ಲಿ ಅದನ್ನು ಸೇರಿತು. ಮರುವರ್ಷ ಚಂಡೀಗಢದ ಸಂಗ್ರಹಕ್ಕೆ ಆ ಅಧಿಕಾರವು ದೊರೆಯಿತು.

ಇಂತಹ ಠೇವಣಿಯ ಬೆಲೆಯು ಇಟ್ಟ ದಿನವೇ ತಿಳಿಯುವುದಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ, 1915ರ ಮಾರ್ಚಿನಲ್ಲಿ, ಅರ್ನೆಸ್ಟ್ ಕೇಬಲ್ ಎಂಬ ಬ್ರಿಟಿಷ್ ಸೈನಿಕನು ಫ್ರಾನ್ಸಿನ ಆಸ್ಪತ್ರೆಯೊಂದರಲ್ಲಿ ಆಮಶಂಕೆಯಿಂದ ಮಡಿದನು. ಅವನ ದೇಹದಿಂದ ಬೇರ್ಪಡಿಸಿದ ಶಿಗೆಲ್ಲ ಬ್ಯಾಕ್ಟೀರಿಯವೇ ಲಂಡನ್ನಿನ ಸಂಗ್ರಹದ ಒಂದನೆಯ ಸಂಖ್ಯೆ. ಸುಮಾರು ನೂರು ವರ್ಷಗಳ ಬಳಿಕ ಅದನ್ನು ಎಬ್ಬಿಸಿ, ಅದರ ಆನುವಂಶಿಕ ಲಿಪಿಯನ್ನು ಓದಿ, 2014ರಲ್ಲಿ ಪ್ರಕಟಿಸಿದ ವಿಜ್ಞಾನಿಗಳು ಕಂಡುದೇನೆಂದರೆ, ಫ್ಲೆಮಿಂಗನು ಪೆನಿಸಿಲಿನ್ನನ್ನು ಗುರುತಿಸುವುದಕ್ಕೆ ಹದಿಮೂರು ವರ್ಷ ಮುಂಚಿನ ಈ ತಳಿಯು ಆಗಲೇ ಪೆನಿಸಿಲಿನ್ನಿಗೆ ಬಗ್ಗದಂತಹುದಾಗಿದ್ದಿತು. ಔಷಧಿಗಳಿಗೆ ಮಣಿಯದ ರೋಗಾಣುಗಳ ಪೂರ್ವೇತಿಹಾಸವನ್ನು ಅರಸುವವರಿಗೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯವು ವಿರಳ. 1915ರಲ್ಲಿ ಆ ಪ್ರನಾಳವನ್ನು ಜತನಗೊಳಿಸಿದವರಿಗೆ ಪೆನಿಸಿಲಿನ್ ಎಂಬ ಹೆಸರಾಗಲಿ, ಆನುವಂಶಿಕ ಲಿಪಿಯನ್ನು ಓದುವ ಉಪಾಯವಾಗಲಿ ಊಹೆಗೂ ನಿಲುಕಿರಲಾರದು. ಮುಂದೆ ಯಾರು ಯಾವ ಪ್ರಶ್ನೆಯನ್ನು ಕೇಳುವರೆಂಬುದನ್ನು ಅರಿಯದೆಯೇ ಉತ್ತರವನ್ನು ಕೆಡದಂತೆ ಇರಿಸುವುದೇ ಈ ವೃತ್ತಿಯ ಧರ್ಮ. ಸಂಗ್ರಹಾಗಾರದ ಖರ್ಚನ್ನು ಈ ವರ್ಷದ ಬೇಡಿಕೆಯಿಂದ ಮಾತ್ರವೇ ಅಳೆಯುವ ಅಧಿಕಾರಿಗಳು ಇಷ್ಟನ್ನು ಗಮನದಲ್ಲಿರಿಸಿಕೊಂಡರೆ ಸಾಕು.