ಸಿಪಿಯು ಒಳಗೆ ಕಾಫಿ ಬಿತ್ತಾ? ಆನ್ ಮಾಡಿ ನೋಡ್ಬೇಡಿ!

ಹಾಸ್ಟೆಲ್ ರೂಮಲ್ಲಿ ಡೆಸ್ಕ್‌ಟಾಪ್ ಇಟ್ಟುಕೊಂಡವರ ಟೇಬಲ್ ಹೇಗಿರುತ್ತೆ ಅಂತ ನಮಗೆಲ್ಲ ಗೊತ್ತು. ಒಂದು ಕಡೆ ನೀರಿನ ಬಾಟಲಿ, ಇನ್ನೊಂದು ಕಡೆ ಕಾಫಿ ಲೋಟ, ಮಧ್ಯೆ ಕ್ಯಾಬಿನೆಟ್. ಈಗಿನ ಎಷ್ಟೋ ಕ್ಯಾಬಿನೆಟ್‌ಗಳಲ್ಲಿ ಬಿಸಿಗಾಳಿ ಹೋಗಲಿ ಅಂತ ಮೇಲ್ಗಡೆನೇ ಜಾಲರಿ ಇರುತ್ತೆ. ಲೋಟ ಉರುಳಿದರೆ ಕಾಫಿ ನೇರ ಮದರ್‌ಬೋರ್ಡ್ ಮೇಲೆ. ಆಗ ನಮ್ಮಲ್ಲಿ ಹೆಚ್ಚಿನವರು ಮಾಡೋದು ಒಂದೇ: ಬಟ್ಟೆಯಲ್ಲಿ ಒರೆಸಿ, "ಕೆಲಸ ಮಾಡುತ್ತಾ ನೋಡೋಣ" ಅಂತ ಪವರ್ ಬಟನ್ ಒತ್ತೋದು. ಉಳಿಯಬಹುದಾಗಿದ್ದ ಬೋರ್ಡ್ ಹಾಳಾಗೋದು ಆ ಗಳಿಗೆಯಲ್ಲೇ.

ಕೆಡಿಸೋದು ನೀರೊಂದೇ ಅಲ್ಲ

ಶುದ್ಧ ನೀರಲ್ಲಿ ವಿದ್ಯುತ್ ಅಷ್ಟಾಗಿ ಹರಿಯಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ವಾಹಕತೆ ಸೆಂಟಿಮೀಟರಿಗೆ ಸುಮಾರು 0.055 ಮೈಕ್ರೋಸೀಮೆನ್ಸ್. ನಲ್ಲಿ ನೀರಲ್ಲಿ ಲವಣಗಳು ಕರಗಿರೋದರಿಂದ ವಾಹಕತೆ ಸಾವಿರಾರು ಪಟ್ಟು ಹೆಚ್ಚು. ಬೆಸುಗೆ ಹಾಕಿದ ಮೇಲೆ ಬೋರ್ಡನ್ನು ಅಯಾನುಗಳಿಲ್ಲದ ನೀರಲ್ಲಿ ತೊಳೆಯೋ ಕಾರ್ಖಾನೆಗಳೂ ಇವೆ. ಅಂದರೆ ಬೋರ್ಡ್ ಒದ್ದೆಯಾದ ಮಾತ್ರಕ್ಕೆ ಸಾಯಲ್ಲ. ಒದ್ದೆ ಇರುವಾಗ ವೋಲ್ಟೇಜ್ ಇದ್ದರೆ ಅಪಾಯ.

ಅಪಾಯ ಎರಡು ಥರ. ಮೊದಲನೆಯದು ಶಾರ್ಟ್: 12 ವೋಲ್ಟ್ ಹಾದಿ ಪಕ್ಕದ ಕಡಿಮೆ ವೋಲ್ಟೇಜ್ ಹಾದಿಗೆ ತಗುಲಿದರೆ ಚಿಪ್ ಸುಟ್ಟುಹೋಗುತ್ತೆ. ಎರಡನೆಯದು ನಿಧಾನ, ಪಿಯುಸಿಯಲ್ಲಿ ಓದಿದ ವಿದ್ಯುದ್ವಿಭಜನೆಯೇ ಇಲ್ಲೂ ನಡೆಯುತ್ತೆ. ಬೋರ್ಡಿನ ಲೋಹ ಅಯಾನುಗಳಾಗಿ ಕರಗಿ, ಇನ್ನೊಂದು ತುದಿಯಲ್ಲಿ ಗಿಡದ ಕೊಂಬೆ ಥರ ಬೆಳೆದು ಎರಡು ಹಾದಿಗಳನ್ನು ಸೇರಿಸುತ್ತೆ. ಇವತ್ತು ಸರಿಯಿದ್ದ ಪಿಸಿ ಎರಡು ವಾರ ಬಿಟ್ಟು ಕೆಡೋದು ಹೀಗೆ.

ಶಟ್‌ಡೌನ್ ಮಾಡಿದರೂ ಸಾಲದು. ವೈರ್ ಪ್ಲಗ್ಗಿನಲ್ಲಿ ಇದ್ದು ಸ್ವಿಚ್ ಆನ್ ಇರೋವರೆಗೂ ಬೋರ್ಡಿಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಪೂರೈಕೆ ಇದ್ದೇ ಇರುತ್ತೆ.

ಏನು ಮಾಡಬೇಕು?

1. ಫೈಲ್ ಸೇವ್ ಮಾಡ್ತಾ ಕೂರಬೇಡಿ. ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೀರಿ. ಕೈ ಅಥವಾ ಸ್ವಿಚ್‌ಬೋರ್ಡ್ ಒದ್ದೆಯಿದ್ದರೆ ಮುಟ್ಟದೆ ರೂಮಿನ ಎಂಸಿಬಿ ಇಳಿಸಿ.

2. ಪ್ಲಗ್ ತೆಗೆದ ಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ, ಬೋರ್ಡಿನಲ್ಲಿ ಉಳಿದ ಚಾರ್ಜ್ ಇಳಿಯುತ್ತೆ. ಎಸ್‌ಎಂಪಿಎಸ್ ಡಬ್ಬ ಮಾತ್ರ ಬಿಚ್ಚಲೇಬೇಡಿ. 230 ವೋಲ್ಟ್ ಎಸಿ ಅದರೊಳಗೆ 300 ವೋಲ್ಟಿಗೂ ಮೀರಿದ ಡಿಸಿ ಆಗುತ್ತೆ, ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಉಳಿದಿರಬಹುದು. ಅದರೊಳಗೆ ಕಾಫಿ ಹೋಗಿದ್ದರೆ ಬದಲಾಯಿಸೋದೇ ಸರಿ.

3. ವೈರ್‌ಗಳ ಫೋಟೋ ತೆಗೆದುಕೊಂಡು ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್, ಎಸ್‌ಎಸ್‌ಡಿ ಬಿಚ್ಚಿ. ಬೋರ್ಡಿನ ಮೇಲಿರುವ 3 ವೋಲ್ಟಿನ ಬಿಲ್ಲೆ ಬ್ಯಾಟರಿಯನ್ನೂ ತೆಗೀರಿ, ಅದೂ ವೋಲ್ಟೇಜೇ.

4. ಬಿದ್ದಿದ್ದು ಏನು? ಬರೀ ನೀರಾದರೆ ಹೀರಿಸಿ ಒಣಗಿಸಿದರೆ ಹೆಚ್ಚಿನ ಸಲ ಸಾಕಾಗಬಹುದು. ಕಾಫಿ, ಟೀ, ಜ್ಯೂಸ್ ಆದರೆ ತೊಳೆಯಲೇಬೇಕು. ನೀರು ಆರಿದರೂ ಸಕ್ಕರೆ, ಲವಣ ಅಲ್ಲೇ ಉಳಿದು ಗಾಳಿಯ ತೇವ ಹೀರುತ್ತವೆ. ಮೊದಲು ಡಿಸ್ಟಿಲ್ಡ್ ವಾಟರ್, ಆಮೇಲೆ ಮೊಬೈಲ್ ರಿಪೇರಿಯವರು ಬಳಸೋ 99% ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆತ್ತಗಿನ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಇದು ಬೇಗ ಬೆಂಕಿ ಹತ್ತೋ ದ್ರವ; ಕಿಟಕಿ ತೆಗೆದಿಡಿ, ಹತ್ತಿರ ಕಿಡಿ ಬೇಡ. ಕೈಗೆ ಹಚ್ಚೋ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಎಲ್ಲ ಇರುತ್ತೆ. ಹಾರ್ಡ್‌ಡಿಸ್ಕನ್ನು ತೊಳೆಯಬೇಡಿ, ಸಾಮಾನ್ಯ ಡಿಸ್ಕ್‌ಗಳಲ್ಲಿ ಗಾಳಿಗಾಗಿ ಸಣ್ಣ ತೂತು ಇರುತ್ತೆ.

5. ಫ್ಯಾನ್ ಕೆಳಗೆ ಕನಿಷ್ಠ ಎರಡು ದಿನ ಒಣಗಲಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಕಡೆ, ಇನ್ನೂ ಒಂದೆರಡು ದಿನ ಬೇಕು. ಸ್ಲಾಟ್‌ಗಳ ಒಳಗೆ, ಚಿಪ್‌ಗಳ ಅಡಿಯಲ್ಲಿ ಸಿಕ್ಕಿಕೊಂಡ ಹನಿ ಕಣ್ಣಿಗೆ ಕಾಣಲ್ಲ. ಅಕ್ಕಿಯಲ್ಲಿ ಹೂತಿಡೋದು ಬೇಡ, ಫ್ಯಾನ್ ಗಾಳಿಗಿಂತ ಅದೇನೂ ಮೇಲಲ್ಲ, ಜೊತೆಗೆ ಹಿಟ್ಟು, ಧೂಳು ಸೇರುತ್ತೆ. ಹೇರ್ ಡ್ರೈಯರಿನ ಬಿಸಿಗಾಳಿಯೂ ಬೇಡ.

ಆಮೇಲೆ ಆನ್ ಮಾಡುವಾಗ ಎಲ್ಲವನ್ನೂ ಒಟ್ಟಿಗೆ ಜೋಡಿಸಬೇಡಿ. ಮೊದಲು ಬೋರ್ಡ್, ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಕಾರ್ಡ್ ಆಮೇಲೆ ಹಾಕಿದರಾಯ್ತು. ಸುಟ್ಟ ವಾಸನೆ ಬಂದರೆ ತಕ್ಷಣ ಪ್ಲಗ್ ತೆಗೀರಿ.

"ನಾಳೆನೇ ಪ್ರಾಜೆಕ್ಟ್ ರಿವ್ಯೂ, ಎರಡು ದಿನ ಎಲ್ಲಿ ಕಾಯೋದು?" ಅಂತ ಕೇಳಬಹುದು. ನಿಮಗೆ ನಾಳೆ ಬೇಕಿರೋದು ಪಿಸಿ ಅಲ್ಲ, ಅದರೊಳಗಿನ ಫೈಲ್. ಎಸ್‌ಎಸ್‌ಡಿಗೆ ಒಂದು ಹನಿಯೂ ತಾಗಿಲ್ಲ ಅಂತ ಖಾತ್ರಿಯಿದ್ದರೆ ಅದನ್ನು ಸ್ನೇಹಿತರ ಪಿಸಿಗೆ ಹಾಕಿ ಕಾಪಿ ಮಾಡಿಕೊಳ್ಳಿ. ತಾಗಿದ್ದರೆ ಅದನ್ನೂ ಒಣಗಲು ಬಿಡಿ, ಗೈಡ್ ಹತ್ತಿರ ಹೋಗಿ ಇರೋ ವಿಷಯ ಹೇಳಿ. ರಿವ್ಯೂ ಇನ್ನೊಂದು ದಿನ ಕೇಳಬಹುದು. ಸುಟ್ಟ ಬೋರ್ಡಿಗೆ, ಕಳೆದುಹೋದ ಕೋಡಿಗೆ ಇನ್ನೊಂದು ದಿನ ಅನ್ನೋದಿಲ್ಲ.

ಇವತ್ತೇ ಮಾಡಬಹುದಾದ ಕೆಲಸ ಎರಡಿವೆ: ಪ್ರಾಜೆಕ್ಟ್ ಫೋಲ್ಡರಿನ ಒಂದು ಪ್ರತಿ ಬೇರೆ ಕಡೆ ಇಡಿ. ಲೋಟ, ಬಾಟಲಿ ಯಾವತ್ತೂ ಕ್ಯಾಬಿನೆಟ್ಟಿನ ಮಟ್ಟಕ್ಕಿಂತ ಕೆಳಗಿರಲಿ.