ಎಡಗೈಯ ರಕ್ತವೇಕೆ ನೀಲಿ? ವೆಕ್ಟರ್ ಚಿತ್ರದಲ್ಲಿ ಬ್ರಷ್ ಮತ್ತು ಗ್ರೇಡಿಯಂಟ್

ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಘಟಕದಲ್ಲಿ ರಕ್ತಪರಿಚಲನೆ ಬೋಧಿಸಲು ನಾನು ಕೃಷ್ಣರಾಜನಗರದ ಒಂದು ಪ್ರೌಢಶಾಲೆಗೆ ಒಯ್ದ ಚಾರ್ಟು ನೋಡಲು ಚೆನ್ನಾಗಿಯೇ ಇತ್ತು. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಬರೆದು, ಫ್ಲೆಕ್ಸ್ ಅಂಗಡಿಯಲ್ಲಿ ಮುದ್ರಿಸಿದ್ದು. ರಕ್ತನಾಳಗಳಿಗೆ ನಾನೇ ಮಾಡಿಕೊಂಡ ಬ್ರಷ್, ಅದಕ್ಕೆ ಕೆಂಪಿನಿಂದ ನೀಲಿಗೆ ಜಾರುವ ಗ್ರೇಡಿಯಂಟ್. ಸಹಪಾಠಿಯ ಅವಲೋಕನ ಪುಸ್ತಕದಲ್ಲಿ ‘ಕಲಿಕೋಪಕರಣ ಆಕರ್ಷಕವಾಗಿದೆ’ ಎಂದೂ ಬಂತು. ಆದರೆ ಎರಡನೇ ಬೆಂಚಿನ ಹುಡುಗಿ ಎದ್ದು ಕೇಳಿದಳು: “ಮಿಸ್, ಬಲಗೈಗೆ ಹೋಗೋ ರಕ್ತ ಕೆಂಪು, ಎಡಗೈಗೆ ಹೋಗೋದು ನೀಲಿ. ಎಡಗೈಗೆ ಆಮ್ಲಜನಕ ಬೇಡ್ವಾ?”

ಅವಳು ಚಿತ್ರವನ್ನು ಸರಿಯಾಗಿಯೇ ಓದಿದ್ದಳು. ತಪ್ಪು ಇದ್ದದ್ದು ನಾನು ಬರೆದದ್ದರಲ್ಲಿ.

ರೇಖೀಯ ಗ್ರೇಡಿಯಂಟ್ ಎಂದರೆ ಹಾಳೆಯ ಮೇಲೆ ಎರಡು ಬಿಂದು, ಒಂದೊಂದಕ್ಕೂ ಒಂದು ಬಣ್ಣ. ನಡುವಿನ ಬಣ್ಣಗಳನ್ನು ಕಂಪ್ಯೂಟರ್ ಲೆಕ್ಕಹಾಕುತ್ತದೆ. ಕೆಂಪು (255, 0, 0), ನೀಲಿ (0, 0, 255) ಆದರೆ ಮಧ್ಯದಲ್ಲಿ ಸುಮಾರು (128, 0, 128), ಅಂದರೆ ನೇರಳೆ. ಈ ಲೆಕ್ಕ ನಡೆಯುವುದು ಆ ಎರಡು ಬಿಂದುಗಳನ್ನು ಸೇರಿಸುವ ನೇರ ಗೆರೆಯ ಮೇಲೆ. ನಾವು ಬರೆದ ನಾಳ ಎಷ್ಟು ಬಳುಕಿದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಎಡದಿಂದ ಬಲಕ್ಕೆ ಬಣ್ಣ ಬಳಿದ ಗೋಡೆಯ ಮುಂದೆ ಕೊರೆದ ರಟ್ಟು ಹಿಡಿದ ಹಾಗೆ: ಕಿಂಡಿಯ ಆಕಾರ ಹೇಗೇ ಇರಲಿ, ಕಾಣುವುದು ಗೋಡೆಯ ಬಣ್ಣವೇ. ನನ್ನ ಚಾರ್ಟಿನ ಎಡಗೈ ಗೋಡೆಯ ನೀಲಿ ಭಾಗದಲ್ಲಿ ಬಿದ್ದಿತ್ತು.

ಬ್ರಷ್ ಹಾಗಲ್ಲ, ಅದು ಗೆರೆಯ ಜೊತೆ ಬಾಗುತ್ತದೆ. ಆದರೆ ಬಾಗುವುದು ಆಕಾರ ಮಾತ್ರ, ಒಳಗಿನ ಗ್ರೇಡಿಯಂಟ್ ಅಲ್ಲ. ಅಡೋಬಿ ಇಲ್ಲಸ್ಟ್ರೇಟರ್‌ನಲ್ಲಿ 2012ರ ಸಿಎಸ್6 ಆವೃತ್ತಿಯಿಂದ ಗ್ರೇಡಿಯಂಟನ್ನು ಗೆರೆಯ ಉದ್ದಕ್ಕೂ ಹರಿಸಬಹುದು, ಆದರೆ ನಾವೇ ಮಾಡುವ ಬ್ರಷ್‌ನೊಳಗೆ ಗ್ರೇಡಿಯಂಟ್ ಇಡಲು ಅದೂ ಬಿಡುವುದಿಲ್ಲ.

ದಾರಿ ಒಂದಿದೆ. ಗ್ರೇಡಿಯಂಟ್ ಬದಲು ಒಂದೊಂದೇ ಬಣ್ಣದ ಸಣ್ಣ ಪಟ್ಟಿಗಳನ್ನು ಸಾಲಾಗಿ ಜೋಡಿಸುವುದು. ಇಂಕ್‌ಸ್ಕೇಪ್‌ನಲ್ಲಿ ಎಡತುದಿಗೆ ಕೆಂಪು ಆಯತ, ಬಲತುದಿಗೆ ಅಷ್ಟೇ ಗಾತ್ರದ ನೀಲಿ ಆಯತ ಬರೆದು, ಎರಡನ್ನೂ ‘ಆಬ್ಜೆಕ್ಟ್ ಟು ಪಾತ್’ ಮಾಡಬೇಕು. ‘ಎಕ್ಸ್‌ಟೆನ್ಶನ್ಸ್’ ಮೆನುವಿನ ‘ಜನರೇಟ್ ಫ್ರಮ್ ಪಾತ್’ನಲ್ಲಿ ‘ಇಂಟರ್‌ಪೊಲೇಟ್’ ಇದೆ. ‘ಇಂಟರ್‌ಪೊಲೇಟ್ ಸ್ಟೈಲ್’ಗೆ ಟಿಕ್ ಹಾಕಿ 14 ಹಂತ ಕೊಟ್ಟರೆ ತುದಿಯವೂ ಸೇರಿ 16 ಪಟ್ಟಿ. ನನಗೆ ಅಷ್ಟು ಸಾಕಾಯಿತು. ಪಟ್ಟಿಗಳು ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡಿರಲಿ, ಇಲ್ಲದಿದ್ದರೆ ಸಂದಿಯಲ್ಲಿ ಬಿಳಿ ಎಳೆ ಕಾಣುತ್ತದೆ. ಎಲ್ಲವನ್ನೂ ಗ್ರೂಪ್ ಮಾಡಿ, ಕಾಪಿ ಮಾಡಿ, ಪೆನ್ಸಿಲ್ ಉಪಕರಣದ ‘ಶೇಪ್’ನಲ್ಲಿ ‘ಬೆಂಡ್ ಫ್ರಮ್ ಕ್ಲಿಪ್‌ಬೋರ್ಡ್’ ಆರಿಸಿ ಗೆರೆ ಎಳೆದರೆ ಬಣ್ಣವೂ ಗೆರೆಯ ಜೊತೆಗೇ ತಿರುಗುತ್ತದೆ.

ಇಷ್ಟು ಕಲಿತ ಮೇಲೆ ಎಲ್ಲ ನಾಳಕ್ಕೂ ಅದನ್ನೇ ಬಳಿಯುವ ಆಸೆಯಾಯಿತು. ಅದೂ ತಪ್ಪೇ. ಅಪಧಮನಿಯ ದಾರಿಯಲ್ಲಿ ರಕ್ತ ಆಮ್ಲಜನಕವನ್ನು ಉದುರಿಸಿಕೊಂಡು ಹೋಗುವುದಿಲ್ಲ, ಬಿಟ್ಟುಕೊಡುವುದು ಲೋಮನಾಳಗಳಲ್ಲಿ. ದೊಡ್ಡ ನಾಲೆಯಲ್ಲಿ ಬರುವವರೆಗೂ ನೀರು ಅದೇ ನೀರು, ಬದಲಾಗುವುದು ಗದ್ದೆಯೊಳಗೆ. ಭತ್ತ ಬೆಳೆಯುವ ನಮ್ಮ ತಾಲ್ಲೂಕಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಈಗ ಅಪಧಮನಿ ಪೂರ್ತಿ ಕೆಂಪು, ಅಭಿಧಮನಿ ಪೂರ್ತಿ ನೀಲಿ, ಪಟ್ಟಿಯ ಬ್ರಷ್ ಲೋಮನಾಳಕ್ಕೆ ಮಾತ್ರ.

ಶ್ವಾಸಕೋಶದಲ್ಲಿ ಎಲ್ಲವೂ ತಿರುವುಮುರುವು. ಅಲ್ಲಿಗೆ ಹೋಗುವ ಅಪಧಮನಿ ನೀಲಿ, ಮರಳುವ ಅಭಿಧಮನಿ ಕೆಂಪು. ಅಲ್ಲಿನ ಲೋಮನಾಳಕ್ಕೆ ಬೇರೆ ಬ್ರಷ್ ಬೇಡ. ಗೆರೆ ಶುರುವಾದ ತುದಿಗೆ ಕೆಂಪು ಬರುವುದರಿಂದ, ಅಭಿಧಮನಿಯ ಕಡೆಯಿಂದ ಎಳೆದರಾಯಿತು.

ನೀಲಿ ಎಂಬುದು ಚಿತ್ರಕ್ಕಾಗಿ ಮಾಡಿಕೊಂಡ ಸಂಕೇತ, ಆಮ್ಲಜನಕ ಕಡಿಮೆಯಾದ ರಕ್ತ ನಿಜವಾಗಿ ಕಡುಗೆಂಪು ಎಂದು ಚಾರ್ಟಿನ ಕೆಳಗೆ ಒಂದು ಸಾಲು ಸೇರಿಸಿದ್ದೇನೆ. ನಾಳಗಳ ಪಕ್ಕ ಬಾಣಗಳನ್ನೂ ಹಾಕಿದೆ. ಮಕ್ಕಳ ಕೈಗೆ ಹೋಗುವುದು ಕಪ್ಪು-ಬಿಳುಪು ಜೆರಾಕ್ಸ್. ಅದರಲ್ಲಿ ಈ ಕೆಂಪು, ನೀಲಿ, ನೇರಳೆ ಮೂರೂ ಗಾಢ ಬೂದು.